ಯುಎಇ: ದೇಶ ಒಂದು, ಎಮಿರೇಟ್ ಏಳು. ರಸ್ತೆ, ಮೆಟ್ರೊ, ಫೋನ್, ಅಂಚೆ ಹೇಗೆ ನಡೆಯುತ್ತವೆ?

ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಆಫೀಸು, ಆಗೊಮ್ಮೆ ಈಗೊಮ್ಮೆ ಅಬುಧಾಬಿಯಲ್ಲಿ ಕೆಲಸ. ಬಾಡಿಗೆಯ ಲೆಕ್ಕ ಹಾಕಿ ಬದುಕುವ ಎಷ್ಟೋ ಕನ್ನಡಿಗರ ದಿನಚರಿ ಇದು. ಈ ಒಂದೇ ದಾರಿಯಲ್ಲಿ ಎರಡು ಟೋಲ್ ಖಾತೆ, ಮೂರು ಪಾರ್ಕಿಂಗ್ ನಂಬರ್, ಎರಡು ಥರದ ವೇಗದ ಲೆಕ್ಕ ಎದುರಾಗುತ್ತವೆ. ಆದರೆ ಜೇಬಿನಲ್ಲಿರುವ ಸಿಮ್ ಒಂದೇ, ಎಮಿರೇಟ್ಸ್ ಐಡಿ (ನಿವಾಸಿಗಳ ಗುರುತಿನ ಚೀಟಿ) ಒಂದೇ. ಹೊಸಬರು ಫೈನ್ ಕಟ್ಟುವುದು ಹೆಚ್ಚಾಗಿ ಈ ವ್ಯತ್ಯಾಸ ತಿಳಿಯದೆ. ಬಸ್ಸು, ಮೆಟ್ರೊ, ಟೋಲ್, ಪಾರ್ಕಿಂಗ್ ಆಯಾ ಎಮಿರೇಟ್‌ನ ಕೈಯಲ್ಲಿವೆ. ಫೋನು, ಅಂಚೆ, ಐಡಿ, ಟ್ರಾಫಿಕ್ ಕಾನೂನಿನ ಮೂಲ ದಂಡಪಟ್ಟಿ ಒಕ್ಕೂಟ ಸರ್ಕಾರದವು. ಯಾವ ಸಮಸ್ಯೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಇದು ದೇಶದ್ದೋ, ಎಮಿರೇಟ್‌ನದೋ?

ಹೀಗಾಗಿದ್ದಕ್ಕೆ ಕಾರಣವಿದೆ. ಒಕ್ಕೂಟ ಹುಟ್ಟಿದ್ದು 1971ರ ಡಿಸೆಂಬರ್ 2ರಂದು. ಅಷ್ಟರೊಳಗೆ ಪ್ರತಿ ಎಮಿರೇಟ್ ತನ್ನ ದಾರಿ ತಾನೇ ಮಾಡಿಕೊಳ್ಳಲು ಶುರುಮಾಡಿಯಾಗಿತ್ತು. ಶಾರ್ಜಾದಲ್ಲಿ 1932ರಲ್ಲೇ ಭಾರತದ ಕಡೆ ಹೋಗುವ ಬ್ರಿಟಿಷ್ ವಿಮಾನಗಳು ಇಳಿಯುತ್ತಿದ್ದವು. ದುಬೈಗೆ ವಿಮಾನ ನಿಲ್ದಾಣ ಬಂದದ್ದು 1960ರಲ್ಲಿ, ಅದೂ ಗಟ್ಟಿ ಮಾಡಿದ ಮರಳಿನ ರನ್‌ವೇ. ದುಬೈ ಊರೊಳಗೆ ಚಾಚಿರುವ ಖೋರ್ ಎಂಬ ಕಡಲ ಕಾಲುವೆ ದಾಟಲು ಮಕ್ತೂಮ್ ಸೇತುವೆ 1963ರಲ್ಲಿ ತೆರೆಯಿತು. ಅಬುಧಾಬಿ ದ್ವೀಪಕ್ಕೆ ಮಕ್ತಾ ಸೇತುವೆ 1968ರಲ್ಲಿ ಬಂತು. ಅಂಚೆಯ ಕಥೆ ನಮಗೆ ಇನ್ನೂ ಹತ್ತಿರದ್ದು: ದುಬೈಯ ಮೊದಲ ಪೋಸ್ಟ್ ಆಫೀಸ್ 1909ರಲ್ಲಿ ಭಾರತೀಯ ಅಂಚೆ ಇಲಾಖೆಯ ಶಾಖೆಯಾಗಿ ತೆರೆದದ್ದು, ಭಾರತದ ಅಂಚೆಚೀಟಿಗಳೇ ಅಲ್ಲಿ ಓಡುತ್ತಿದ್ದವು. 1966ರವರೆಗೆ ರೂಪಾಯಿಯೂ ಓಡಿತು. ಅದೇ ವರ್ಷ ಇಲ್ಲಿನ ಗಾಡಿಗಳು ರಸ್ತೆಯ ಎಡದಿಂದ ಬಲಕ್ಕೆ ಬದಲಾದವು. ಊರಿಂದ ಬಂದವರಿಗೆ ಇವತ್ತಿಗೂ ಕಾಟ ಕೊಡುವುದು ಆ ಕೊನೆಯ ಬದಲಾವಣೆಯೇ.

ಮೆಟ್ರೊ ಮತ್ತು ನೋಲ್ ಕಾರ್ಡ್

ದುಬೈ ಮೆಟ್ರೊದ ರೆಡ್ ಲೈನ್ 2009ರ ಸೆಪ್ಟೆಂಬರ್ 9ರಂದು, ಗ್ರೀನ್ ಲೈನ್ ಸರಿಯಾಗಿ ಎರಡು ವರ್ಷದ ನಂತರ ಶುರುವಾದವು. ರೈಲಿಗೆ ಡ್ರೈವರ್ ಇಲ್ಲ. ಮೆಟ್ರೊ, ಬಸ್ಸಿಗೆ ಹಣ ತುಂಬಿಸಿ ಬಳಸುವ ಕಾರ್ಡ್ ನೋಲ್. ಅದರ ಸಿಲ್ವರ್ ಕಾರ್ಡಿಗೆ 25 ದಿರ್ಹಮ್, ಅದರಲ್ಲಿ 19 ಬ್ಯಾಲೆನ್ಸ್. ಊರನ್ನು 7 ವಲಯಗಳಾಗಿ ಹಂಚಿದ್ದಾರೆ: ಒಂದೇ ವಲಯದೊಳಗೆ 3 ದಿರ್ಹಮ್, ಪಕ್ಕದ ವಲಯಕ್ಕೆ 5, ಅದಕ್ಕಿಂತ ಹೆಚ್ಚು ದಾಟಿದರೆ 7.50. ಗೋಲ್ಡ್ (ಮೊದಲ ದರ್ಜೆಯ) ಡಬ್ಬಿಗೆ ಇದರ ಎರಡರಷ್ಟು. ಮೆಟ್ರೊ ಇಳಿದು 30 ನಿಮಿಷದೊಳಗೆ ಬಸ್ ಹತ್ತಿದರೆ ಅದೇ ಪ್ರಯಾಣದ ಮುಂದುವರಿಕೆ ಎಂದು ಲೆಕ್ಕ. ಟಿಕೆಟ್ ಕೌಂಟರಿನಲ್ಲಿ 2024ರ ಆಗಸ್ಟ್‌ನಿಂದ ಕನಿಷ್ಠ 50 ದಿರ್ಹಮ್ ಹಾಕಿಸಬೇಕು, ಹಾಗಾಗಿ ಆ್ಯಪ್‌ನಲ್ಲಿ ಹಾಕಿಕೊಳ್ಳುವುದೇ ವಾಸಿ.

ಬಸ್ಸಿನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹತ್ತುವಾಗ ಕಾರ್ಡ್ ತೋರಿಸುತ್ತೇವೆ, ಇಳಿಯುವಾಗ ಮರೆಯುತ್ತೇವೆ. ನಮ್ಮ ಬಿಎಂಟಿಸಿ ಅಭ್ಯಾಸ, ಟಿಕೆಟ್ ತೆಗೆದುಕೊಂಡರೆ ಮುಗಿಯಿತು. ಇಲ್ಲಿ ಇಳಿಯುವಾಗ ಟ್ಯಾಪ್ ಮಾಡದಿದ್ದರೆ ನೀವು ಎಲ್ಲಿ ಇಳಿದಿರಿ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಪೂರ್ತಿ ದರ ಕಡಿತವಾಗುತ್ತದೆ. ಎರಡು ನಿಲ್ದಾಣ ದೂರಕ್ಕೆ 3ರ ಬದಲು 7.50 ಹೋದರೆ ಕಾರಣ ಇದೇ. ಹೆಂಗಸರ ಡಬ್ಬಿಯ ಗುಲಾಬಿ ಗೆರೆ ದಾಟಿ ನಿಂತ ಗಂಡಸರಿಗೂ, ಒಳಗೆ ತಿಂದವರಿಗೂ ಕುಡಿದವರಿಗೂ (ನೀರಿನ ಬಾಟಲಿ ಸಹ) 100 ದಿರ್ಹಮ್ ದಂಡವಿದೆ.

ವಿಮಾನಕ್ಕೆ ಹೋಗುವವರಿಗೆ ಮೂರು ಮಾತು. ಮೆಟ್ರೊ ಇರುವುದು ಟರ್ಮಿನಲ್ 1 ಮತ್ತು 3ಕ್ಕೆ ಮಾತ್ರ, ಟರ್ಮಿನಲ್ 2ಕ್ಕೆ ಬಸ್ಸು ಅಥವಾ ಟ್ಯಾಕ್ಸಿಯೇ ಗತಿ. ಆದ್ದರಿಂದ ಟಿಕೆಟ್‌ನಲ್ಲಿ ಟರ್ಮಿನಲ್ ನೋಡಿಕೊಂಡೇ ಹೊರಡಿ. ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 8ಕ್ಕೆ, ಉಳಿದ ದಿನ 5ಕ್ಕೆ. ಲಗೇಜು ಒಬ್ಬರಿಗೆ ಎರಡು: ದೊಡ್ಡದು 81 x 58 x 30 ಸೆಂ.ಮೀ., ಚಿಕ್ಕದು 55 x 38 x 20 ಸೆಂ.ಮೀ. ಒಳಗೆ ಇರಬೇಕು. ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆಗಳ ಸಾಲು ಹಿಡಿದು ಹೋದರೆ ಗೇಟಿನಲ್ಲೇ ತಡೆಯುತ್ತಾರೆ.

ನೋಲ್ ದುಬೈಯ ಕಾರ್ಡು. ಅಬುಧಾಬಿ ಊರಿನ ಬಸ್ಸಿಗೆ ಹಾಫಿಲಾತ್ ಎಂಬ ಬೇರೆ ಕಾರ್ಡ್ ಬೇಕು. ಇಬ್ನ್ ಬತೂತಾದಿಂದ ಇ101, ಬರ್ ದುಬೈನ ಅಲ್ ಘುಬೈಬಾದಿಂದ ಇ100 ಬಸ್ಸುಗಳು ದುಬೈ ಸಾರಿಗೆಯವು, ಅವುಗಳಲ್ಲಿ ನೋಲ್ ನಡೆಯುತ್ತದೆ. ಅಬುಧಾಬಿಯಲ್ಲಿ ಇಳಿದ ಮೇಲೆ ಅದು ಅಲ್ಲಿನ ಊರ ಬಸ್ಸಿಗೆ ಬರುವುದಿಲ್ಲ.

ಕಾರು: ಟೋಲ್, ಪಾರ್ಕಿಂಗ್, ರಾಡಾರ್

ಮೊದಲು ಲೈಸೆನ್ಸ್. ವಿಸಿಟ್ ವೀಸಾದಲ್ಲಿ ಬಂದವರು ಇಂಟರ್‌ನ್ಯಾಷನಲ್ ಪರ್ಮಿಟ್ ಮೇಲೆ ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಆದ ದಿನದಿಂದ ಅದು ನಡೆಯುವುದಿಲ್ಲ, ಭಾರತದ ಲೈಸೆನ್ಸನ್ನು ನೇರವಾಗಿ ಬದಲಿಸಿಕೊಡುವುದೂ ಇಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಫೈಲ್ ತೆರೆದು, ಕಣ್ಣು ಪರೀಕ್ಷೆ, ಥಿಯರಿ, ಪಾರ್ಕಿಂಗ್ ಟೆಸ್ಟ್, ರೋಡ್ ಟೆಸ್ಟ್ ಹೀಗೆ ಹೋಗಬೇಕು. ಹಳೆಯ ಲೈಸೆನ್ಸ್ ಇದ್ದರೆ ಕ್ಲಾಸುಗಳು ಕಡಿಮೆಯಾಗುತ್ತವೆ: ದುಬೈಯಲ್ಲಿ ಹೊಸಬರಿಗೆ 20 ಗಂಟೆ, 5 ವರ್ಷಕ್ಕಿಂತ ಹಳೆಯ ಲೈಸೆನ್ಸ್ ಇರುವವರಿಗೆ 10 ಗಂಟೆ. ಕ್ಲಾಸಿಲ್ಲದೆ ಒಂದೇ ಸಲ ಟೆಸ್ಟ್ ಕೊಡುವ ‘ಗೋಲ್ಡನ್ ಚಾನ್ಸ್’ ಕೂಡ ಇದೆ, ಫೇಲಾದರೆ ಮತ್ತೆ ಕ್ಲಾಸಿನ ದಾರಿಯೇ. ಊರಲ್ಲಿ ಹತ್ತು ವರ್ಷ ಓಡಿಸಿದವರು ಫೇಲಾಗುವುದು ಸ್ಟಿಯರಿಂಗ್ ಬಾರದೆ ಅಲ್ಲ. ಲೇನ್ ಬದಲಿಸುವ ಮೊದಲು ಭುಜದ ಮೇಲಿಂದ ತಿರುಗಿ ನೋಡುವುದಿಲ್ಲ. ಕನ್ನಡಿ ನೋಡಿದರೆ ಸಾಕು ಅಂದುಕೊಂಡಿರುತ್ತಾರೆ. ರೌಂಡಬೌಟ್‌ನಲ್ಲಿ ಎಡಗಡೆಯಿಂದ ಬರುವವರಿಗೆ, ಅಂದರೆ ಈಗಾಗಲೇ ಒಳಗಿರುವವರಿಗೆ ದಾರಿ ಬಿಡುವುದಿಲ್ಲ. ಮತ್ತೆ ಊರಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗೈಗೆ, ಇಲ್ಲಿ ಎಡಗೈಗೆ. ಮೊದಲ ವಾರ ಲೇನ್ ಬದಲಿಸುವಾಗಲೆಲ್ಲ ಮಳೆಯಿಲ್ಲದ ಬಿಸಿಲಲ್ಲಿ ವೈಪರ್ ಆಡುತ್ತಿರುತ್ತದೆ, ಪಕ್ಕದ ಗಾಡಿಯವನಿಗೆ ನೀವು ಹೊಸಬರೆಂದು ಗೊತ್ತಾಗಲು ಅಷ್ಟು ಸಾಕು.

ಗಾಡಿಯ ನೋಂದಣಿ ಕಾರ್ಡಿಗೆ ಮುಲ್ಕಿಯಾ ಎನ್ನುತ್ತಾರೆ. (ಮಂಗಳೂರು ದಾರಿಯ ಮುಲ್ಕಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ.) ಇದರ ನವೀಕರಣಕ್ಕೆ ವಿಮೆ ಬೇಕು, ಬಾಕಿ ದಂಡಗಳೆಲ್ಲ ಕಟ್ಟಿರಬೇಕು, ಗಾಡಿ ಹಳೆಯದಾದರೆ ಟೆಸ್ಟಿಂಗೂ ಆಗಬೇಕು.

ದುಬೈ ಟೋಲಿನ ಹೆಸರು ಸಾಲಿಕ್, 2007ರ ಜುಲೈನಲ್ಲಿ ಶುರುವಾದದ್ದು. ತಡೆಗೋಲು ಇಲ್ಲ, ಮುಂಗಾಜಿಗೆ ಅಂಟಿಸಿದ ಟ್ಯಾಗನ್ನು ಗೇಟು ಓದಿಕೊಳ್ಳುತ್ತದೆ. 2025ರ ಜನವರಿ 31ರಿಂದ ದರ ಹೊತ್ತಿನ ಮೇಲಿದೆ: ಕೆಲಸದ ದಿನ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8 ಆದರೆ 6 ದಿರ್ಹಮ್, ಉಳಿದ ಹೊತ್ತು 4, ರಾತ್ರಿ 1ರಿಂದ ಬೆಳಿಗ್ಗೆ 6ರವರೆಗೆ ಪುಕ್ಕಟೆ. ಭಾನುವಾರ ಹಗಲಿಡೀ 4. ಶಾರ್ಜಾದಿಂದ ಬರುವವರು ದಾಟುವ ಅಲ್ ಮಮ್ಝರ್ ಉತ್ತರ, ದಕ್ಷಿಣ ಗೇಟುಗಳನ್ನು ಒಂದೇ ದಿಕ್ಕಿನಲ್ಲಿ ಒಂದು ಗಂಟೆಯೊಳಗೆ ದಾಟಿದರೆ ಒಂದೇ ಸಲ ಕಡಿತ. ಅಲ್ ಸಫಾದ ಎರಡು ಗೇಟುಗಳಿಗೂ ಇದೇ ನಿಯಮ. ಬ್ಯಾಲೆನ್ಸ್ ಮುಗಿದ ಮೇಲೂ ದಾಟಿದರೆ ಐದು ಕೆಲಸದ ದಿನದೊಳಗೆ ಹಣ ಹಾಕಬೇಕು, ಇಲ್ಲದಿದ್ದರೆ 50 ದಿರ್ಹಮ್ ದಂಡ. ಅಬುಧಾಬಿಯ ದರ್ಬ್ 2021ರ ಜನವರಿ 2ರಿಂದ ಇದೆ. ಅದಕ್ಕೆ ಟ್ಯಾಗ್ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟನ್ನೇ ಓದುತ್ತದೆ. ದ್ವೀಪಕ್ಕೆ ಹೋಗುವ ನಾಲ್ಕು ಸೇತುವೆಗಳಲ್ಲಿ, ದಟ್ಟಣೆಯ ಹೊತ್ತಿನಲ್ಲಿ ಮಾತ್ರ 4 ದಿರ್ಹಮ್, ಭಾನುವಾರ ಇಲ್ಲ. ದುಬೈ, ಶಾರ್ಜಾ ಪ್ಲೇಟಿನವರೂ ದರ್ಬ್‌ನಲ್ಲಿ ನೋಂದಾಯಿಸಬೇಕು. ಸಾಲಿಕ್ ಇದೆಯಲ್ಲ ಎಂದು ಸುಮ್ಮನಿದ್ದವರಿಗೆ ಆಮೇಲೆ ದಂಡದ ಮೆಸೇಜು ಬರುತ್ತದೆ.

ಪಾರ್ಕಿಂಗ್‌ನಲ್ಲಿ ಎಮಿರೇಟ್‌ಗಳ ಸ್ವಭಾವವೇ ಕಾಣುತ್ತದೆ. ದುಬೈಯಲ್ಲಿ 7275ಕ್ಕೆ ಎಸ್ಸೆಮ್ಮೆಸ್: ಪ್ಲೇಟಿನ ಅಕ್ಷರ ಮತ್ತು ಸಂಖ್ಯೆ, ಒಂದು ಸ್ಪೇಸ್, ಬೋರ್ಡಿನಲ್ಲಿರುವ ವಲಯದ ಕೋಡ್, ಒಂದು ಸ್ಪೇಸ್, ಎಷ್ಟು ಗಂಟೆ. ಶಾರ್ಜಾದಲ್ಲಿ ನಂಬರ್ 5566, ಅಬುಧಾಬಿಯಲ್ಲಿ 3009. ದುಬೈಯಲ್ಲಿ ಭಾನುವಾರ ಬೀದಿ ಪಾರ್ಕಿಂಗ್ ಉಚಿತ. ಶಾರ್ಜಾದಲ್ಲಿ ಉಚಿತ ದಿನ ಶುಕ್ರವಾರ, ಅದೂ ನೀಲಿ ಬೋರ್ಡಿನ ಜಾಗಗಳಲ್ಲಿ ಇಲ್ಲ; ಅಲ್ಲಿ ವಾರದ ಏಳೂ ದಿನ ಹಣ. ಭಾನುವಾರ ಶಾರ್ಜಾದ ರೋಲಾ ಕಡೆ ದಿನಸಿಗೆ ಹೋದ ದುಬೈ ನಿವಾಸಿ ಟಿಕೆಟ್ ಹಾಕದೆ ಬಿಡುವುದು ಈ ಗೊಂದಲದಲ್ಲೇ. ಇನ್ನೊಂದು ತಪ್ಪು ಪ್ಲೇಟಿನ ಅಕ್ಷರ ಬಿಡುವುದು. ಎಸ್ಸೆಮ್ಮೆಸ್ ಸ್ವೀಕಾರವಾಗುತ್ತದೆ, ಹಣವೂ ಹೋಗುತ್ತದೆ, ಆದರೆ ಪಾರ್ಕಿಂಗ್ ಸಿಕ್ಕಿರುವುದು ಬೇರೆ ಯಾರದೋ ಗಾಡಿಗೆ. ಬೇರೆ ಎಮಿರೇಟ್ ಪ್ಲೇಟ್ ಇದ್ದರೆ ಆ್ಯಪ್‌ನಲ್ಲಿ ಒಮ್ಮೆ ಗಾಡಿ ಸೇರಿಸಿಟ್ಟುಬಿಡಿ.

ವೇಗದ ವಿಷಯ ನೆನಪಿಡಲು ಸುಲಭ, ಮರೆತರೆ ದುಬಾರಿ. ದುಬೈಯಲ್ಲಿ ಬೋರ್ಡಿನ ಮಿತಿಗಿಂತ 20 ಕಿ.ಮೀ. ಸಡಿಲಿಕೆ ಇದೆ: 100 ಎಂದಿದ್ದರೆ ರಾಡಾರ್ ಫ್ಲ್ಯಾಶ್ ಆಗುವುದು 120 ದಾಟಿದ ಮೇಲೆ. ಅಬುಧಾಬಿ 2018ರ ಆಗಸ್ಟ್‌ನಲ್ಲಿ ಈ ಸಡಿಲಿಕೆ ತೆಗೆದುಹಾಕಿತು, ಅಲ್ಲಿ 120 ಎಂದರೆ 121ಕ್ಕೆ ಫೈನ್. ಒಂದೇ ಇ11 ಹೆದ್ದಾರಿ, ಗಡಿ ದಾಟಿದ್ದೇ ಲೆಕ್ಕ ಬದಲು. ದಂಡದ ಪಟ್ಟಿ ಮಾತ್ರ ದೇಶಕ್ಕೆಲ್ಲ ಒಂದೇ: ಮಿತಿಗಿಂತ 20ರವರೆಗೆ ಹೆಚ್ಚಾದರೆ 300 ದಿರ್ಹಮ್, 30ರವರೆಗೆ 600, 60 ದಾಟಿದರೆ 2,000, ಜತೆಗೆ 12 ಕಪ್ಪು ಅಂಕ ಮತ್ತು ಗಾಡಿ 30 ದಿನ ಜಪ್ತಿ. ಓಡಿಸುವಾಗ ಫೋನ್ ಹಿಡಿದರೆ 800 ಮತ್ತು 4 ಅಂಕ. 24 ಅಂಕ ತುಂಬಿದರೆ ಲೈಸೆನ್ಸ್ ಅಮಾನತು. ನಡೆದು ಹೋಗುವವರೂ ಎಚ್ಚರವಿರಬೇಕು. 2025ರ ಮಾರ್ಚ್ 29ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, 80 ಕಿ.ಮೀ. ಅಥವಾ ಹೆಚ್ಚಿನ ವೇಗಮಿತಿಯ ರಸ್ತೆಯನ್ನು ಕಂಡಲ್ಲಿ ದಾಟಿ ಅಪಘಾತವಾದರೆ ಜೈಲು, 10,000 ದಿರ್ಹಮ್‌ಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಇವೆ.

ಮರಳುಗಾಡಿನ ರಸ್ತೆಗೆ ಟಯರೇ ಪ್ರಾಣ. ಬೇಸಿಗೆಯಲ್ಲಿ ಸುಡುವ ಡಾಂಬರಿನ ಮೇಲೆ ಹಳೆಯ ರಬ್ಬರ್ ಸಿಡಿಯುತ್ತದೆ. ಟಯರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ, ಮೇಲಿನ ಅಚ್ಚಿನ ಗೀರುಗಳು ಸವೆಯದೆ ಎಷ್ಟೇ ಆಳ ಉಳಿದಿರಲಿ, ಬದಲಿಸಬೇಕು. ಹಳೆಯ ಟಯರಿಗೆ 500 ದಿರ್ಹಮ್, 4 ಅಂಕ, ಗಾಡಿ ಒಂದು ವಾರ ಜಪ್ತಿ. ‘ಹೊಸ ಟಯರ್’ ಎಂದು ಅಂಗಡಿಯವರು ಹಾಕುವಾಗಲೂ ಈ ಅಂಕಿ ನೋಡಿ, ಗೋದಾಮಿನಲ್ಲಿ ಎರಡು ವರ್ಷ ಕೂತದ್ದೂ ಇರುತ್ತದೆ.

ಮಳೆ ಅಪರೂಪ, ಆದರೆ ಬಂದರೆ ನೀರು ಇಂಗುವುದಿಲ್ಲ, ಹರಿದು ಹೋಗಲು ಚರಂಡಿಯೂ ಎಲ್ಲ ಕಡೆ ಇಲ್ಲ. 2024ರ ಏಪ್ರಿಲ್ 16ರಂದು ಅಲ್ ಐನ್ ಹತ್ತಿರ 24 ಗಂಟೆಯೊಳಗೆ 254 ಮಿ.ಮೀ. ದಾಟಿ ಸುರಿದಾಗ ದುಬೈ ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತಿತ್ತು. ವಾದಿ, ಅಂದರೆ ಗುಡ್ಡದ ನಡುವಿನ ಒಣ ಹೊಳೆ, ತುಂಬಿ ಹರಿಯುವಾಗ ಗಾಡಿ ಇಳಿಸಿದರೆ 2,000 ದಿರ್ಹಮ್, 23 ಅಂಕ, 60 ದಿನ ಜಪ್ತಿ. ಮಳೆ ನೋಡಲು ಹತ್ತಾ, ಖೋರ್ ಫಕ್ಕಾನ್ ಕಡೆ ಓಡುವ ನಮ್ಮವರು ಇದನ್ನು ಓದಿಕೊಂಡೇ ಹೊರಡಲಿ.

ಸಣ್ಣ ಅಪಘಾತವಾದರೆ ಗಾಡಿಗಳನ್ನು ಬದಿಗೆ ಸರಿಸಿ, ಪೊಲೀಸ್ ರಿಪೋರ್ಟ್ ತೆಗೆದುಕೊಳ್ಳಿ. ದುಬೈಯಲ್ಲಿ ಪೊಲೀಸ್ ಆ್ಯಪ್‌ನಲ್ಲೇ ಆಗುತ್ತದೆ. ಶಾರ್ಜಾದಲ್ಲಿ ರಾಫಿದ್, ಅಬುಧಾಬಿಯಲ್ಲಿ ಸಾಯಿದ್ ಎಂಬ ಸಂಸ್ಥೆಯವರು ಬರುತ್ತಾರೆ. ರಿಪೋರ್ಟ್ ಇಲ್ಲದೆ ಯಾವ ಗ್ಯಾರೇಜೂ ಡೆಂಟ್ ಮುಟ್ಟುವುದಿಲ್ಲ. ‘ನೂರು ದಿರ್ಹಮ್ ಕೊಡ್ತೇನೆ, ಬಿಡಿ’ ಎಂಬ ಊರಿನ ರಾಜಿ ಇಲ್ಲಿ ಕೈಕೊಡುವುದು ಅಲ್ಲೇ. ತುರ್ತಿಗೆ ಪೊಲೀಸ್ 999, ಆಂಬ್ಯುಲೆನ್ಸ್ 998, ಬೆಂಕಿ 997.

ಫೋನು ಮತ್ತು ವಿಳಾಸ

ಫೋನ್ ಕಂಪನಿ ಎತಿಸಲಾತ್ (ಈಗಿನ ಹೆಸರು ಇ&) 1976ರಿಂದ ಇದೆ, ಇನ್ನೊಂದು ಕಂಪನಿಯಾದ ‘ಡು’ವಿನ ಮೊಬೈಲ್ ಸೇವೆ 2007ರಲ್ಲಿ ಬಂತು. ಸಿಮ್ ಎಮಿರೇಟ್ಸ್ ಐಡಿಗೆ ಕಟ್ಟಿರುತ್ತದೆ. ಐಡಿ ನವೀಕರಿಸಿದ ಮೇಲೆ ಸಿಮ್ ಕಂಪನಿಗೂ ತಿಳಿಸದಿದ್ದರೆ ಒಂದು ದಿನ ನಂಬರ್ ಸ್ತಬ್ಧವಾಗುತ್ತದೆ, ಜತೆಗೆ ಬ್ಯಾಂಕ್, ಸಾಲಿಕ್, ಯುಎಇ ಪಾಸ್‌ಗಳ ಮೆಸೇಜುಗಳೂ. ಯುಎಇ ಪಾಸ್ ಎಂಬುದು ಸರ್ಕಾರಿ ಕೆಲಸಗಳಿಗೆಲ್ಲ ಒಂದೇ ಲಾಗಿನ್. ಐಡಿ ಕೈಗೆ ಬಂದ ವಾರದಲ್ಲೇ ಮಾಡಿಕೊಳ್ಳಿ. ಊರಿಗೆ ವಾಟ್ಸಾಪ್ ಕರೆ ಸೇರುವುದಿಲ್ಲ, ಮೆಸೇಜು ಹೋಗುತ್ತದೆ. ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳು ನಡೆಯುತ್ತವೆ, ಅಮ್ಮನ ಫೋನಿಗೂ ಅದನ್ನೇ ಹಾಕಿಸಬೇಕು. ವಿಪಿಎನ್ ಹಾಕಿ ಕಾನೂನು ಮೀರುವ ಕೆಲಸಕ್ಕೆ ದಂಡ 5 ಲಕ್ಷ ದಿರ್ಹಮ್‌ನಿಂದ ಶುರುವಾಗುತ್ತದೆ, ‘ಎಲ್ಲರೂ ಮಾಡ್ತಾರೆ’ ಎಂಬ ಮಾತು ನಂಬಬೇಡಿ. ಊರಿನ ಬ್ಯಾಂಕಿನ ಒಟಿಪಿ ಬರುವ ಭಾರತದ ಸಿಮ್ಮನ್ನು ರೀಚಾರ್ಜ್ ಮಾಡುತ್ತಿರಿ. 971ರಿಂದ ಶುರುವಾಗುವ ಇಲ್ಲಿನ ನಂಬರಿನಿಂದ, ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಮಾಡಿಕೊಳ್ಳುವ ಅವಕಾಶವೂ ಇದೆ, ನಿಮ್ಮ ಬ್ಯಾಂಕ್ ಅದಕ್ಕೆ ಸೇರಿದೆಯೇ ಕೇಳಿ.

ಮನೆಗೆ ಪೋಸ್ಟ್‌ಮ್ಯಾನ್ ಬರುವ ಪದ್ಧತಿ ಇಲ್ಲಿ ಬೆಳೆಯಲೇ ಇಲ್ಲ. ಪತ್ರ ಹೋಗುವುದು ಪಿ.ಒ. ಬಾಕ್ಸಿಗೆ, ಸಾಮಾನ್ಯವಾಗಿ ಕಂಪನಿಯದಕ್ಕೆ. ಆದ್ದರಿಂದ ಊರಿಂದ ಕಾಗದ ತರಿಸುವಾಗ ಕಂಪನಿಯ ಹೆಸರು, ಬಾಕ್ಸ್ ನಂಬರ್, ಎಮಿರೇಟ್, ಮೊಬೈಲ್ ನಂಬರ್ ನಾಲ್ಕೂ ಬರೆಸಿ. ಪಿನ್ ಕೋಡ್ ಇಲ್ಲ. ವೆಬ್‌ಸೈಟ್ ಹಟ ಹಿಡಿದರೆ 00000 ಹಾಕಿ. ದುಬೈಯಲ್ಲಿ ಪ್ರತಿ ಕಟ್ಟಡದ ಬಾಗಿಲ ಹತ್ತಿರ ಹತ್ತು ಅಂಕಿಯ ಮಕಾನಿ ನಂಬರ್ ಇರುತ್ತದೆ, ಆಂಬ್ಯುಲೆನ್ಸಿಗೆ ಅದನ್ನು ಹೇಳಿದರೆ ನೇರ ಅದೇ ಬಾಗಿಲಿಗೆ ಬರುತ್ತದೆ. ಕೊರಿಯರ್ ಹುಡುಗರು ಮಾತ್ರ ವಾಟ್ಸಾಪ್ ಲೊಕೇಶನ್ ಕಳಿಸಿ ಎಂದೇ ಕೇಳುತ್ತಾರೆ.

ದೇಶ ಬಿಟ್ಟು ಹೊರಡುವವರಿಗೆ: ವೀಸಾ ರದ್ದಾಗುವ ಮೊದಲು ಪೋಸ್ಟ್‌ಪೇಯ್ಡ್ ಕೊನೆಯ ಬಿಲ್ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕಾರು ಮಾರಿದ ದಿನವೇ ಸಾಲಿಕ್ ಮತ್ತು ದರ್ಬ್ ಖಾತೆಗಳಿಂದ ಆ ಪ್ಲೇಟನ್ನು ತೆಗೆಯಿರಿ. ಮುಲ್ಕಿಯಾ ವರ್ಗಾವಣೆಯಾದರೂ ಹಳೆಯ ಟ್ಯಾಗ್ ಮುಂಗಾಜಿನಲ್ಲೇ ಉಳಿದರೆ, ಹೊಸ ಮಾಲೀಕ ದಾಟುವ ಪ್ರತಿ ಗೇಟಿನ ಹಣವೂ ನಿಮ್ಮ ಖಾತೆಯಿಂದಲೇ ಹೋಗುತ್ತಿರುತ್ತದೆ.