ಅನಾಥ ಪ್ಯಾಕೇಜಿಗೆ ಆಸರೆಯಾಗುವುದು ಹೇಗೆ?

ತುಮಕೂರಿನಲ್ಲಿ ನನ್ನ ಬಳಿ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕೇಳುವುದು, ‘ಡೆಬಿಯನ್‌ಗೆ ಯಾವ ಹೊಸ ಪ್ಯಾಕೇಜು ಮಾಡಲಿ?’ ಎಂದು. ಹೊಸದು ಬೇಡ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇಂದಿಗೂ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತಿದೆ. ಅದರಲ್ಲಿ ನೋಡಿಕೊಳ್ಳುವವರಿಲ್ಲದ ಅನಾಥ ಪ್ಯಾಕೇಜುಗಳು (ಹಾಕಿಕೊಳ್ಳಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶಗಳು) ಬೇಕಾದಷ್ಟಿವೆ.

ಮೊದಲು ಡೆವ್‌ಸ್ಕ್ರಿಪ್ಟ್ಸ್ ಎಂಬ ಸಲಕರಣೆಗಳ ಕಟ್ಟನ್ನು ಹಾಕಿಕೊಂಡು ‘ಡಬ್ಲ್ಯುಎನ್‌ಪಿಪಿ-ಅಲರ್ಟ್’ ಆದೇಶ ಕೊಡಿ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುವ ಅನಾಥ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ನೀವು ದಿನವೂ ಬಳಸುವ ಒಂದನ್ನೇ ಆರಿಸಿ. ಬಳಸದ ತಂತ್ರಾಂಶದ ದೋಷ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ದತ್ತು ಪಡೆಯುತ್ತೇನೆಂದು, ಅದು ಅನಾಥವೆಂದು ದಾಖಲಿಸಿರುವ ಬಗ್ ವರದಿಗೆ ಮೇಲ್ ಮಾಡಿ, ವರದಿಯ ತಲೆಬರಹವನ್ನು ‘ಐಟಿಎ’ (ದತ್ತು ಪಡೆಯುವ ಉದ್ದೇಶ) ಎಂದು ಬದಲಿಸಿ. ತಂತ್ರಾಂಶದ ಮೂಲ ಲೇಖಕರ ಹೊಸ ಆವೃತ್ತಿ ತಂದು, ಏನು ಬದಲಾಯಿತೆಂದು ಚೇಂಜ್‌ಲಾಗ್ ಬರೆಯಿರಿ.

ಎಲ್ಲರೂ ಎಡವುವುದು ಇದರ ನಂತರ. ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಕಡತದಲ್ಲಿ, ಅದನ್ನು ಕಟ್ಟಲು ಬೇಕಾದ ಇತರ ಪ್ಯಾಕೇಜುಗಳನ್ನು ಹೇಳುವ ‘ಬಿಲ್ಡ್-ಡಿಪೆಂಡ್ಸ್’ ಎಂಬ ಸಾಲಿದೆ. ಮದುವೆಗೆ ಅಡುಗೆ ಭಟ್ಟರು ಬರೆದುಕೊಡುವ ಸಾಮಾನಿನ ಪಟ್ಟಿಯಂತೆ ಅದು. ಮನೆಯ ಡಬ್ಬಿಯಲ್ಲಿ ಇಂಗು ಇದ್ದೇ ಇರುತ್ತದೆ, ಹಾಗಾಗಿ ಬರೆಯಲು ಮರೆಯುತ್ತದೆ. ಛತ್ರದಲ್ಲಿ ಒಗ್ಗರಣೆಯ ಹೊತ್ತಿಗೆ ಪರದಾಟ. ಶಿರಾದ ಒಬ್ಬ ಹುಡುಗಿಯ ಪ್ಯಾಕೇಜು ಅವಳ ಯಂತ್ರದಲ್ಲಿ ಹತ್ತು ಸಲವೂ ಸರಿಯಾಗಿ ಕಟ್ಟಿಕೊಂಡಿತ್ತು. ಪ್ಯಾಕೇಜು ಕಟ್ಟುವ ಎಸ್‌ಬಿಲ್ಡ್ ಎಂಬ ಸಾಧನಕ್ಕೆ ಕೊಟ್ಟ ಕೂಡಲೇ ನಿಂತಿತು: ‘ಪಿಕೆಜಿ-ಕಾನ್ಫಿಗ್ ಸಿಗಲಿಲ್ಲ.’ ಲೈಬ್ರರಿಗಳನ್ನು ಹುಡುಕಿಕೊಡುವ ಆ ಸಲಕರಣೆಯನ್ನು ಬೇರೆ ಕೆಲಸಕ್ಕೆಂದು ಅವಳು ತನ್ನ ಯಂತ್ರದಲ್ಲಿ ಎಂದೋ ಹಾಕಿಕೊಂಡಿದ್ದಳು, ಪಟ್ಟಿಯಲ್ಲಿ ಬರೆದಿರಲಿಲ್ಲ.

ಎಸ್‌ಬಿಲ್ಡ್ ಪ್ರತಿ ಸಲವೂ ಬರಿದಾದ ಹೊಸ ಅಡುಗೆಮನೆಯಲ್ಲಿ ಕೆಲಸ ಶುರುಮಾಡುತ್ತದೆ. ಮೂಲ ಕಟ್ಟುವ ಸಲಕರಣೆಗಳು ಮತ್ತು ನೀವು ಪಟ್ಟಿಯಲ್ಲಿ ಬರೆದದ್ದು ಬಿಟ್ಟರೆ ಅಲ್ಲಿ ಬೇರೇನೂ ಇರುವುದಿಲ್ಲ. ಆದ್ದರಿಂದ ಮೊದಲು ಮೂಲ ಕೋಡಿನಲ್ಲಿ ಕಟ್ಟುವ ವಿಧಾನ ಹೇಳುವ ಮೆಸನ್ ಅಥವಾ ಕಾನ್ಫಿಗರ್ ಕಡತವನ್ನು ಸಾಲು ಸಾಲಾಗಿ ಓದಿ ಪಟ್ಟಿ ಮಾಡಿ, ಆಮೇಲೆ ಕಟ್ಟಿಸಿ. ದೋಷ ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಬೇಡಿ. ಯಾವುದು ಏಕೆ ಬೇಕೆಂದು ತಿಳಿದು ಒಂದೊಂದಾಗಿ ಸೇರಿಸಿ. ‘ಚೆಕ್‌ಇನ್‌ಸ್ಟಾಲ್’ನಿಂದ ಐದು ನಿಮಿಷದಲ್ಲಿ ಡೆಬ್ (ಡೆಬಿಯನ್ ಪ್ಯಾಕೇಜು) ಕಡತ ಮಾಡಿಕೊಳ್ಳಬಹುದು ಎಂದು ಹೇಳುವವರಿದ್ದಾರೆ. ನಿಮ್ಮ ಸ್ವಂತ ಯಂತ್ರದ ಮಟ್ಟಿಗೆ ಅದು ಸಾಕು, ಡೆಬಿಯನ್ ಭಂಡಾರಕ್ಕೆ ನಡೆಯುವುದಿಲ್ಲ.

ಕಾಪಿರೈಟ್ ಕಡತವನ್ನೂ ಹಳೆಯದೇ ಇದೆಯಲ್ಲ ಎಂದು ಬಿಟ್ಟುಬಿಡಬೇಡಿ. ಹೊಸ ಆವೃತ್ತಿಯಲ್ಲಿ ಯಾರೋ ಬರೆದ ನಾಲ್ಕು ಕಡತಗಳು ಬೇರೆ ಪರವಾನಗಿಯಲ್ಲಿ ಸೇರಿಕೊಂಡಿರಬಹುದು.

ಪ್ಯಾಕೇಜನ್ನು ತಪಾಸಣೆ ಮಾಡುವ ಲಿಂಟಿಯನ್ ತೋರಿಸುವ ತಪ್ಪುಗಳನ್ನು ತಿದ್ದಿ, ನಿಮ್ಮ ಗುರುತಾದ ಜಿಪಿಜಿ ಕೀಲಿಯಿಂದ ಡಿಜಿಟಲ್ ಸಹಿ ಮಾಡಿ, ಹೊಸಬರ ಪ್ಯಾಕೇಜುಗಳಿಗಾಗಿ ಇರುವ ಮೆಂಟರ್ಸ್ ತಾಣಕ್ಕೆ ಏರಿಸಿ, ಪ್ರಾಯೋಜಕರನ್ನು ಕೋರಿ. ಡೆಬಿಯನ್ ಡೆವಲಪರ್ ಒಬ್ಬರು ಪರಿಶೀಲಿಸಿ ನಿಮ್ಮ ಪರವಾಗಿ ಭಂಡಾರಕ್ಕೆ ಸೇರಿಸುತ್ತಾರೆ. ಅವರು ಕೆದಕಿ ಕೆದಕಿ ಕೇಳಿದರೆ ಬೇಸರ ಬೇಡ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ವಿಶ್ವಾಸ ಗಳಿಸಿದ ಸಹ-ಮೇಂಟೇನರ್ (ಜೊತೆಗೂಡಿ ನೋಡಿಕೊಳ್ಳುವವರು) ಒಬ್ಬರು ಅದರೊಳಗೆ ಗುಪ್ತವಾಗಿ ನುಗ್ಗುವ ಹಿಂಬಾಗಿಲು ಇಟ್ಟದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಉತ್ತರವೇ ಬಾರದಿದ್ದರೆ ಎರಡು ಮೂರು ವಾರ ಕಾದು ಇನ್ನೊಂದು ಮೇಲ್ ಬರೆಯಿರಿ.

ಕಂಟ್ರೋಲ್ ಕಡತದ ಮೇಂಟೇನರ್ ಸಾಲಿನಲ್ಲಿ ಮಾತ್ರ ಕಾಲೇಜಿನ ಇ-ಮೇಲ್ ವಿಳಾಸ ಕೊಡಬೇಡಿ. ಓದು ಮುಗಿದ ಮೇಲೆ ಆ ಖಾತೆ ಮುಚ್ಚಿಹೋದರೆ, ಬಳಕೆದಾರರು ಕಳಿಸುವ ಬಗ್ ವರದಿಗಳು ನಿಮ್ಮನ್ನು ತಲುಪುವುದೇ ಇಲ್ಲ.