ನೂರಕ್ಕೆ ನಿಲ್ಲದ ಮೋಟಾರು

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯೊಂದರಿಂದ ನನ್ನ ದುರಸ್ತಿ ಮೇಜಿಗೆ ಬಂದ ಹಳೆಯ ನೋಟು ಎಣಿಸುವ ಯಂತ್ರದಲ್ಲಿ 24 ವೋಲ್ಟಿನ ಡಿಸಿ ಮೋಟಾರು, ರೋಲರು, ಬೆಲ್ಟು ಎಲ್ಲವೂ ಗಟ್ಟಿಯಾಗಿದ್ದವು. ಸುಟ್ಟಿದ್ದದ್ದು ನಿಯಂತ್ರಣ ಬೋರ್ಡು ಮಾತ್ರ. ಬದಲಿ ಬೋರ್ಡು ಎಲ್ಲಿಯೂ ಸಿಗಲಿಲ್ಲ, ಹೊಸ ತೊಗರಿಯ ಆವಕ ಶುರುವಾಗುವುದರೊಳಗೆ ಯಂತ್ರ ಬೇಕೆಂದು ಮಾಲೀಕರು ಪಟ್ಟು ಹಿಡಿದರು. ಹೀಗಾಗಿ ಪ್ರೋಗ್ರಾಂ ಬರೆದು ನಡೆಸಬಹುದಾದ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಬೋರ್ಡು ಬಳಸಿ ಹೊಸದಾಗಿ ಕಟ್ಟಿಕೊಡಲು ಒಪ್ಪಿದೆ. ಖೋಟಾ ನೋಟು ಹಿಡಿಯುವ ಭಾಗವನ್ನು ಕೈಬಿಟ್ಟೆ. ಅದಕ್ಕೆ ತಮ್ಮ ಮುನೀಮರ ಕಣ್ಣೇ ಸಾಕೆಂದು ಅವರೇ ಹೇಳಿದ್ದರು.

ಮೋಟಾರು ತಿರುಗಿಸಲು ಒಂದು ಸಂಜೆ ಸಾಕಾಯಿತು, ನಿಲ್ಲಿಸಲು ಎರಡು ವಾರ ಬೇಕಾಯಿತು. ನಿಮಿಷಕ್ಕೆ 1000 ನೋಟು ಎಂದರೆ ಒಂದು ನೋಟಿಗೆ ಸಿಗುವುದು 60 ಮಿಲಿಸೆಕೆಂಡು. ಮೊದಲು ಹಾಕಿದ್ದ ಒಂಟಿ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್ಚು) ವಿದ್ಯುತ್ತನ್ನು ಕಡಿದರೂ ಮೋಟಾರು ತನ್ನ ರಭಸದಲ್ಲೇ ಇನ್ನಷ್ಟು ಸುತ್ತುತ್ತಿದ್ದುದರಿಂದ, 100ರ ಕಟ್ಟಿಗೆ 102 ನೋಟು ಬೀಳುತ್ತಿದ್ದವು. ಅದನ್ನು ತೆಗೆದು ಮೋಟಾರಿನ ಎರಡೂ ತುದಿಗಳನ್ನು ನಿಯಂತ್ರಿಸುವ ಬಿಟಿಎಸ್7960 ಎಚ್-ಬ್ರಿಜ್ ಸರ್ಕ್ಯೂಟು ಹಾಕಿದೆ. ಅದನ್ನು ಚಾಲೂ ಇಡುವ ಎನೇಬಲ್ ಪಿನ್ನುಗಳನ್ನು ಹೈ ಇಟ್ಟು, ವಿದ್ಯುತ್ತನ್ನು ವೇಗವಾಗಿ ಆನ್-ಆಫ್ ಮಾಡಿ ವೇಗ ಹೊಂದಿಸುವ ಎರಡೂ ಪಿಡಬ್ಲ್ಯೂಎಂ ಪಿನ್ನುಗಳನ್ನು ಲೋ ಮಾಡಿದರೆ ಮೋಟಾರಿನ ಎರಡು ತುದಿಗಳು ಶಾರ್ಟ್ ಆಗಿ, ಅದು ಹುಟ್ಟಿಸುವ ವಿದ್ಯುತ್ತೇ ಅದಕ್ಕೆ ಬ್ರೇಕಾಗುತ್ತದೆ. ಪೂರ್ಣ ವೇಗದಲ್ಲಿ ಅದೂ ಸಾಲದೆ, 90ನೆಯ ನೋಟು ದಾಟಿದೊಡನೆ ವೇಗ ಮೂರರಲ್ಲಿ ಒಂದು ಪಾಲಿಗೆ ಇಳಿಯುವಂತೆ ಪ್ರೋಗ್ರಾಂ ಬರೆದೆ. ಕೊನೆಯ ಹತ್ತು ನೋಟಿಗೆ 0.6 ಸೆಕೆಂಡಿನ ಬದಲು 1.8 ಸೆಕೆಂಡು ಹಿಡಿಯುತ್ತದೆ, ಆದರೆ ಕಟ್ಟು ತಪ್ಪುವುದಿಲ್ಲ.

ಯಂತ್ರದ ಟ್ರಾನ್ಸ್‌ಫಾರ್ಮರ್ ಸಪ್ಲೈ ಗಂಜಿನ ಲೈನ್ ವೋಲ್ಟೇಜಿನ ಜೊತೆಗೇ ಏರಿಳಿಯುತ್ತಿದ್ದುದರಿಂದ, ಶಾಫ್ಟಿಗೆ 20 ಸೀಳುಗಳ ತಟ್ಟೆ ಕೂರಿಸಿ, ಅದರ ಪಲ್ಸುಗಳನ್ನು ಇಂಟರಪ್ಟಿನಲ್ಲಿ (ಪಲ್ಸು ಬಂದೊಡನೆ ಬೇರೆ ಕೆಲಸ ಬಿಟ್ಟು) ಎಣಿಸಿ, ಬೇಕಾದ ವೇಗಕ್ಕೂ ಇರುವ ವೇಗಕ್ಕೂ ನಡುವಿನ ವ್ಯತ್ಯಾಸವನ್ನು ತಿದ್ದುವ ಪಿಐ ಲೆಕ್ಕದಿಂದ ವೇಗವನ್ನು ಹಿಡಿದಿಟ್ಟೆ. ಪಿಡಬ್ಲ್ಯೂಎಂ 20 ಕಿಲೋಹರ್ಟ್ಜ್ ಇರುವುದರಿಂದ ಮೋಟಾರಿನ ಸಿಳ್ಳು ಕೇಳಿಸುವುದಿಲ್ಲ.

ಆಮೇಲೆ ಕಾಣಿಸಿದ್ದು ಕಳ್ಳ ಎಣಿಕೆ. ಕಾರ್ಬನ್ ಬ್ರಷ್ಷಿನ ಕಿಡಿಯೇ ನೋಟಿನಂತೆ ಎಣಿಕೆಗೆ ಸೇರುತ್ತಿತ್ತು. ಮೋಟಾರಿನ ಎರಡೂ ತುದಿಗಳಿಂದ ಅದರ ಲೋಹದ ಮೈಗೆ 104 ಗುರುತಿನ (0.1 ಮೈಕ್ರೋಫ್ಯಾರಡ್) ಕೆಪಾಸಿಟರ್ ಬೆಸೆದು, 10 ಮಿಲಿಸೆಕೆಂಡಿಗಿಂತ ಕಿರಿದಾದ ಸಂಕೇತವನ್ನು ಪ್ರೋಗ್ರಾಮಿನಲ್ಲೇ ತಳ್ಳಿಹಾಕಿದ ಮೇಲೆ ಅದು ನಿಂತಿತು. ನೋಟು ಅಡ್ಡ ಬಂದಾಗ ಬೆಳಕು ತಗ್ಗುವುದನ್ನು ಗುರುತಿಸುವ ಸೆನ್ಸರಿನ ಮೇಲೆ ತೊಗರಿ ದೂಳು ಕೂರುವುದು ಇಲ್ಲಿ ತಪ್ಪದ ಕಾಟವಾದ್ದರಿಂದ, ಯಂತ್ರ ಆನ್ ಆದಾಗಲೆಲ್ಲ ಖಾಲಿ ದಾರಿಯ ಇನ್‌ಫ್ರಾರೆಡ್ ಮಟ್ಟವನ್ನು ಓದಿ, ಅದರ ಅರ್ಧವನ್ನು ನೋಟು ಬಂತೆಂದು ತಿಳಿಯುವ ಮಿತಿಯಾಗಿ ಇಟ್ಟುಕೊಳ್ಳುತ್ತದೆ.

ಬೆವರಿಗೆ ಅಂಟಿಕೊಂಡ ಹತ್ತು ರೂಪಾಯಿಯ ಎರಡು ನೋಟು ಒಟ್ಟಿಗೇ ನುಗ್ಗಿದರೆ ಮಾತ್ರ ಈ ಪ್ರೋಗ್ರಾಂ ಅದನ್ನು ಒಂದೆಂದೇ ಎಣಿಸುತ್ತದೆ. ಆಗ ಫೀಡ್ ರೋಲರಿಗೂ ತಡೆ ರಬ್ಬರಿಗೂ ನಡುವಿನ ಸಂದನ್ನು ಸ್ಕ್ರೂಡ್ರೈವರಿನಿಂದ ಬಿಗಿ ಮಾಡಬೇಕು. ಎಷ್ಟು ತಿರುಗಿಸಬೇಕೆಂಬುದನ್ನು ಮುನೀಮರಿಗೆ ಎರಡು ಸಲ ತೋರಿಸಿ ಬಂದಿದ್ದೇನೆ.