ವಾಲ್ವ್ ರೇಡಿಯೋದೊಳಗಿನ ಮೇಣದ ಕೆಪಾಸಿಟರ್

ಕಾರವಾರದ ಹವೆಗೆ ಕಬ್ಬಿಣ ತುಕ್ಕು ಹಿಡಿಯೋದು ಎಲ್ಲರ ಕಣ್ಣಿಗೂ ಬೀಳುತ್ತದೆ. ವಾಲ್ವ್ ರೇಡಿಯೋದ (ಗಾಜಿನ ವಾಲ್ವ್‌ಗಳಿಂದ ನಡೆಯುವ ಹಳೇ ಸೆಟ್ಟು) ಪೇಪರ್ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಭಾಗ, ಹಾಳಾಗೋದು ಹಾಗೆ ಕಾಣುವುದಿಲ್ಲ. ತೆಳು ತಗಡಿನ ಎರಡು ಪಟ್ಟಿ, ನಡುವೆ ಕಾಗದ, ಮೇಲೆ ಮೇಣ, ಇಷ್ಟೇ ಅದರ ಕಥೆ. ಮೇಣ ಬಿರುಕು ಬಿಟ್ಟರೆ ಮಳೆಗಾಲದ ತೇವ ಕಾಗದಕ್ಕೆ ಇಳಿಯುತ್ತದೆ. ಸೆಟ್ಟು ಸುಮ್ನೆ ಅಟ್ಟದ ಮೇಲೆ ಕೂತಿದ್ದರೂ ಅಷ್ಟೇ.

ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ ಹಾಕಿ ಧಾರವಾಡ ಆಕಾಶವಾಣಿ ಸಿಗುತ್ತದಾ ಅಂತ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಮೊದಲು ಚಾಸಿಸ್ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆ) ಬಿಚ್ಚಿ ತಿರುಗಿಸಿ ನೋಡಿ.

ಗುರುತು ಹಿಡಿಯುವಾಗ ಬರಹ ದಾರಿ ತಪ್ಪಿಸುತ್ತದೆ. ಹಳೇ ಮಾಲಿನ ಮೇಲೆ '.05 ಎಂಎಫ್' ಅಂತಿದ್ದರೆ ಅದು ಮೈಕ್ರೋಫ್ಯಾರಡ್, ಮಿಲಿ ಅಲ್ಲ. 'ಎಂಎಂಎಫ್' ಅಂದರೆ ಪಿಕೋ. ಫಿಲಿಪ್ಸ್ ನಕ್ಷೆಯಲ್ಲಿ ಕೆಪಾಸಿಟರ್ ಪಕ್ಕ '47ಕೆ' ಇದ್ದರೆ 47,000 ಪಿಕೋ, ಅಂದರೆ 0.047 ಮೈಕ್ರೋ. ಈಗಿನ ಫಿಲ್ಮ್ ಕೆಪಾಸಿಟರ್ ಮೇಲೆ '473ಕೆ' ಅಂತಿರುತ್ತದೆ. ಬೆಲೆ, ಅಂದರೆ ಕೆಪಾಸಿಟನ್ಸ್‌ನ ಅಳತೆ, ಅದೇ, ಆದರೆ ಅಲ್ಲಿ 'ಕೆ' ಹೇಳುವುದು ಶೇ. 10ರ ವ್ಯತ್ಯಾಸವನ್ನು.

ಮೀಟರ್‌ನಲ್ಲಿ ಬೆಲೆ ಸರಿ ಬಂತು ಅಂತ ಖುಷಿಪಡಬೇಡಿ. ಲೀಕ್ ಇರುವ, ಅಂದರೆ ತಡೆಯಬೇಕಾದ ಡಿಸಿ ಕರೆಂಟನ್ನು ಸ್ವಲ್ಪ ಬಿಡುವ, ಕೆಪಾಸಿಟರ್ ಎಷ್ಟೋ ಸಲ ಬೆಲೆ ಜಾಸ್ತಿಯೇ ತೋರಿಸುತ್ತದೆ. ನೋಡಬೇಕಾದ್ದು ಲೀಕ್. ಅದರಲ್ಲೂ ಮುಖ್ಯವಾದದ್ದು ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ವಾಲ್ವ್‌ನ ಕರೆಂಟ್ ನಿಯಂತ್ರಿಸುವ ಜಾಲರಿ) ಹೋಗುವ, ಹಿಂದಿನ ಹಂತದ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್. ಅದರ ಒಂದು ಕಡೆ 200 ವೋಲ್ಟ್ ಇದೆ, ಲೀಕ್ 10 ಮೆಗಾ ಓಮ್ ಅಂದುಕೊಳ್ಳಿ. ಗ್ರಿಡ್ ರೆಸಿಸ್ಟರ್ 470 ಕಿಲೋ ಇದ್ದರೆ ಗ್ರಿಡ್‌ಗೆ ಸುಮಾರು 9 ವೋಲ್ಟ್ ಪಾಸಿಟಿವ್ ನುಗ್ಗುತ್ತದೆ. ಔಟ್‌ಪುಟ್ ವಾಲ್ವ್ ಇಎಲ್84 ಕಾದು ಕೆಂಪಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಈಗ ಎಲ್ಲಿ ಸಿಗುತ್ತದೆ ಹೇಳಿ?

ನಾನು ಮಾಡುವುದು ಹೀಗೆ. ಗ್ರಿಡ್ ಕಡೆಯ ಕಾಲು ಬಿಚ್ಚುತ್ತೇನೆ. ಮೀಟರ್‌ನ ಒಂದು ತುದಿ ಆ ಕಾಲಿಗೆ, ಇನ್ನೊಂದು ಚಾಸಿಸ್‌ಗೆ, ಡಿಸಿ ವೋಲ್ಟ್‌ನಲ್ಲಿ. ಆಮೇಲೆ ಸೀರೀಸ್ ಬಲ್ಬ್ (ಕರೆಂಟ್ ಅತಿಯಾಗದಂತೆ ಸಾಲಿನಲ್ಲಿ ಹಾಕಿದ ಬಲ್ಬ್) ಮೂಲಕ ಸೆಟ್ ಆನ್. ಒಳ್ಳೆಯದಾದರೆ ಅಂಕಿ ಒಮ್ಮೆ ಏರಿ ಸೊನ್ನೆಗೆ ಇಳಿಯುತ್ತದೆ. ಅದೇ 200 ವೋಲ್ಟ್‌ಗೆ 100 ಮೆಗಾ ಓಮ್ ಲೀಕ್ ಇದ್ದರೂ ಒಳ ರೋಧ 10 ಮೆಗಾ ಓಮ್ ಇರುವ ಮೀಟರ್ ಸುಮಾರು 18 ವೋಲ್ಟ್ ತೋರಿಸುತ್ತದೆ. ಓಮ್ ರೇಂಜ್‌ನಲ್ಲಿ ಈ ಲೀಕ್ ಸಿಗುವುದೇ ಕಷ್ಟ. ಆಫ್ ಮಾಡಿದ ಮೇಲೆ ಫಿಲ್ಟರ್ ಕೆಪಾಸಿಟರ್‌ನ (ಡಿಸಿಯ ಏರಿಳಿತ ಸಮ ಮಾಡುವ ದೊಡ್ಡ ಕೆಪಾಸಿಟರ್) ಚಾರ್ಜನ್ನು 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರ್‌ನಿಂದ ಇಳಿಸದೆ ಕೈ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಾದರೆ ಚಾಸಿಸ್‌ಗೇ ಕರೆಂಟ್ ಇರಬಹುದು. ಅದಕ್ಕೆ ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಾನು ಕೈ ಹಾಕುವುದಿಲ್ಲ.

ಹಳದಿ ಬಣ್ಣದ ಹೊಸ ಕೆಪಾಸಿಟರ್ ಸುಮ್ನೆ ಬೆಸೆದರೂ ರೇಡಿಯೋ ಹಾಡುತ್ತದೆ. ಆದರೆ ಹಳೇ ಕೊಳವೆಯ ಮೇಲಿನ ಅಚ್ಚು ಉಳಿಯಲಿ ಅಂತ ನನಗೆ ಆಸೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ತುದಿಯ ಮೇಣ ಹೊಳೆಯತೊಡಗಿ ಕರಗುತ್ತದೆ. ತೆಳ್ಳಗಿನ ಕಡ್ಡಿಯಿಂದ ಒಂದು ಕಡೆಯಿಂದ ಒತ್ತಿದರೆ ಒಳಗಿನ ಸುರುಳಿ ನಿಧಾನ ಜಾರಿ ಹೊರಬರುತ್ತದೆ. ಅವಸರ ಮಾಡಿದರೆ ಕಾಗದದ ಕೊಳವೆ ಸೀಳುತ್ತದೆ. ಖಾಲಿ ಕೊಳವೆಗೆ ಅದೇ ಬೆಲೆಯ 630 ವೋಲ್ಟ್ ಫಿಲ್ಮ್ ಕೆಪಾಸಿಟರ್ ತುರುಕಿ, ಎರಡೂ ತುದಿಗೆ ಶಿರಸಿಯ ಜೇನುಮೇಣ ಕರಗಿಸಿ ಹೊಯ್ಯುತ್ತೇನೆ. ಬಣ್ಣವೂ ಹಳೇದರ ಹತ್ತಿರಕ್ಕೇ ಬರುತ್ತದೆ.

ಫಿಲ್ಟರ್‌ನ ಅಲ್ಯೂಮಿನಿಯಂ ಡಬ್ಬಿ ಬೇರೆ ಕೆಲಸ. ಬುಡದ ಹತ್ತಿರ ಹ್ಯಾಕ್ಸಾದಿಂದ ಸುತ್ತ ಕುಯ್ದು, ಒಳಗಿನದ್ದು ತೆಗೆದು, 16+16 (ಒಂದೇ ಡಬ್ಬಿಯಲ್ಲಿ 16 ಮೈಕ್ರೋದ ಎರಡು) ಇದ್ದಲ್ಲಿ 22 ಮೈಕ್ರೋ, 450 ವೋಲ್ಟ್‌ನ ಎರಡು ಹಾಕಿ ಅಂಟಿಸುತ್ತೇನೆ. ಹಮ್ (ಗುಂಯ್ ಅನ್ನುವ ಸದ್ದು) ಕಮ್ಮಿಯಾಗಲಿ ಅಂತ 100 ಮೈಕ್ರೋ ಹಾಕುವವರಿದ್ದಾರೆ. ಆದರೆ ಇಝಡ್80 ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಮೊದಲ ಕೆಪಾಸಿಟರ್‌ನ ಮಿತಿ 50 ಮೈಕ್ರೋ.

ಮೈಕಾ ಕೆಪಾಸಿಟರ್‌ಗಳನ್ನು ಕಾರಣವಿಲ್ಲದೆ ಮುಟ್ಟುವುದಿಲ್ಲ. ಅವು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ, ಸುಮ್ನೆ ಕೆದಕಿದರೆ ಟ್ಯೂನಿಂಗ್ ಆಚೀಚೆಯಾಗಿ ಅಲೈನ್‌ಮೆಂಟ್, ಅಂದರೆ ಟ್ಯೂನಿಂಗ್ ಮತ್ತೆ ಹೊಂದಿಸುವ ಕೆಲಸ, ಮೈಮೇಲೆ ಬೀಳುತ್ತದೆ.